ಶವಾಸನದಲ್ಲಿ ತೆರೆದ ಕಿಟಕಿ

ಸಾಮ್ಸೊ ದ್ವೀಪ, ಶನಿವಾರ

ಪ್ರೀತಿಯ ಅಕ್ಕಾ,

ಒಂದು ವಾರದ ಯೋಗಕ್ಕೆ ತಲೆಗೆ ಆರು ಸಾವಿರ ಕ್ರೋನ, ಹಡಗಿನ ಟಿಕೆಟ್ಟು ಬೇರೆ. ತೀರಿಹೋಗುವ ಮೊದಲೇ ನನ್ನಾಕೆ ಬೋದಿಲ್ ನಮ್ಮಿಬ್ಬರಿಗೂ ಕಟ್ಟಿಬಿಟ್ಟಿದ್ದಳು. ದುಡ್ಡು ಕೊಟ್ಟ ಜಾಗವಲ್ಲವೇ, ನನ್ನ ಪಕ್ಕ ಅವಳ ಚಾಪೆಯನ್ನೂ ಹಾಸುತ್ತೇನೆ. ಎಪ್ಪತ್ತೊಂದರ ವಯಸ್ಸಿನಲ್ಲಿ ನಾನೆಷ್ಟು ಬಗ್ಗಿದರೂ ಕೈ ಮೊಣಕಾಲು ದಾಟುವುದಿಲ್ಲ. ಆಚೆ ಚಾಪೆಯ ಗ್ರೇತೆ, ನಿವೃತ್ತ ಅಂಚೆಯವಳು, "ಕಾಲ್ಬೆರಳಿಗೊಂದು ಕಾಗದ ಬರಿಯೋ ಪ್ರೆಬೆನ್, ಅದೇ ಮೇಲಕ್ಕೆ ಬಂದೀತು" ಎಂದು ಹಂಗಿಸುತ್ತಾಳೆ.

ನಿನ್ನೆ ಕೊನೆಗೆ ಶವಾಸನ. ಎಲ್ಲರೂ ಕಣ್ಣು ಮುಚ್ಚಿ ಹೆಣದ ಹಾಗೆ ಮಲಗಿದ್ದೆವು. ಸೆಖೆಯೆಂದು ಕಲಿಸುವ ಹುಡುಗಿ ಮೆಲ್ಲಗೆ ಕಿಟಕಿ ತೆರೆದಳು. ಜೀವ ಹೋದ ಮೇಲೆ ಆತ್ಮ ಹೊರಡಲೆಂದು ತೆರೆಯುತ್ತಾರಲ್ಲ, ಥೇಟ್ ಹಾಗೇ. ಬೋದಿಲ್ ಹೋದ ಬೆಳಗ್ಗೆ ನರ್ಸ್ ತೆರೆದಾಗ ಆದದ್ದೂ ಇದೇ ಸದ್ದು. ನಾನೆದ್ದು ದಢಾರನೆ ಮುಚ್ಚಿದೆ.

"ಗಾಳಿ ಬೇಡ್ವಾ, ಪ್ರೆಬೆನ್?"

"ಇಲ್ಲಿನ್ನೂ ಯಾರೂ ಸತ್ತಿಲ್ಲ ಕಣಮ್ಮಾ!"

ಮುದುಕರೆಲ್ಲ ಮಲಗಿದಲ್ಲೇ ನಕ್ಕರು. ಗ್ರೇತೆ ಮಾತ್ರ ಕಣ್ಣು ಬಿಡದೆಯೇ, "ಅವಳನ್ನ ಎಷ್ಟ್ ದಿನ ಅಂತ ಕೂಡಿಹಾಕ್ಕೊಂಡಿರ್ತೀಯೋ ಮಾರಾಯಾ, ತೆಗಿ ಅದನ್ನ" ಎಂದಳು.

ತೆಗೆದೆ. ಮತ್ತೆ ಮಲಗಿದಾಗ, ಹೂಳುವ ದಿನವೂ ಬಾರದಿದ್ದ ಅಳು ಬಂತು. ಯಾರೂ ನನ್ನನ್ನು ಏಳಿಸಲಿಲ್ಲ.

ರಕ್ತದೊತ್ತಡ ಪರವಾಗಿಲ್ಲ, ಸೊಂಟ ಮಾತ್ರ ಹಿಡಿದಿದೆ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಇಲ್ಲಿಗೇ ನಿಲ್ಲಿಸುತ್ತೇನೆ. ಯೋಗಶಾಲೆಗೆ ಇಬ್ಬರ ದುಡ್ಡು ಸಿಕ್ಕಿತು, ಉಳಿದವರಿಗೆ ತಂಪು ಗಾಳಿ, ನನಗೆ ಅಳು. ದುಡ್ಡು ಕಟ್ಟಿದ ಬೋದಿಲ್‌ಗೆ ಏನೂ ಇಲ್ಲ.

ನಿನ್ನ ತಮ್ಮ,
ಪ್ರೆಬೆನ್