ಇಳಿಜಾರಿನಾಗ ಅವ್ವ

ಅಪ್ಪಾ,

ನೀವು ಓದೂದಿಲ್ಲ ಅಂತ ಗೊತ್ತಿದ್ದೂ ಬರೀತೀನಿ. ನೀವು ತೀರಿದ ಮ್ಯಾಲೆ ಆ ಅಮೆರಿಕದ ಕಾರು ಮಾರ್ತೀವಿ ಅಂತ ಸತ್ಯನಾರಾಯಣಪೇಟಿಯವರೆಲ್ಲ ತಿಳಕೊಂಡಿದ್ದರು. ಅವ್ವ ಮಾರಲಿಲ್ಲ, ನಡಿಸೂದು ಕಲಿತಳು. ಕ್ಲಚ್ಚಿಲ್ಲದ ಆ ಕಾರಿನ ಗೇರಿನ ಇಂಗ್ಲಿಷ್ ಅಕ್ಷರ ನಾನು ಓದಿ ಹೇಳಿದೆ. ಆಕಿ ತನ್ನವೇ ಹೆಸರಿಟ್ಟಳು. ನಿಂತಾಗ ಹಾಕೂ 'ಪಿ' ಅಂದ್ರ ಗೂಟ, 'ಡಿ' ಅಂದ್ರ ನಡಿ, ಇಳಿಜಾರಿಗೆ ಹಾಕೂ 'ಎಲ್' ಅಂದ್ರ ಮೂಗುದಾರ.

ಇವತ್ತು ಕುರುಗೋಡಿನಿಂದ ಬರುವಾಗ ಇಳಿಜಾರಿನಾಗ ಬ್ರೇಕ್ ಹಿಡೀಲಿಲ್ಲ. ಮುಂದ ಹತ್ತಿ ತುಂಬಿದ ಬಂಡಿ ಹೊಂಟಿತ್ತು. "ಅವ್ವಾ!" ಅಂತ ಚೀರಿದೆ.

"ಸುಮ್ಮನ ಕುಂದ್ರು," ಅಂದವಳೇ ಗೇರನ್ನ ಮೂಗುದಾರಕ್ಕ ಎಳೆದಳು. ಇಂಜಿನ್ನು ಗುರುಗುಟ್ಟಿ ಕಾರನ್ನ ತಾನ ತಡಕೊಂತು. ಬಂಡಿ ಹಿಂದಿಂದ ಎತ್ತಿನ ನಡಿಗಿಯಾಗ ಇಳದು ಬಂದ್ವಿ. ಬಯಲಿನಾಗ ಕೈಬ್ರೇಕ್ ಎಳೆದು ನಿಲ್ಲಿಸಿದಳು.

ಆಕಿ ಸೆರಗಿಗೆ ಅಂಗೈ ಒರಸಿಕೊಂಡು, "ನಿಮ್ಮಪ್ಪ ನೋಡಬೇಕಿತ್ತು," ಅಂದಳು.

ನಿಮ್ಮ ಉದ್ದ ಕಾಲಿಗಂತ ಹಿಂದಕ್ಕಿದ್ದ ಡ್ರೈವರ್ ಸೀಟನ್ನ ಆಕಿ ಮುಂದಕ್ಕ ಸರಿಸಿಕೊಂಡಾಳ. ಇನ್ನ ಅದು ಅಲ್ಲೇ ಇರತೈತಿ.