ನದಿ ದಾಟಲು ಬೇಕಾದ ಹೆಸರು

ಜನವರಿ 9, 1972

ನಮ್ಮ ಬುದ್ಧ ಶಕದ ಲೆಕ್ಕದಲ್ಲಿ 2515. ಆದರೆ ಬಂಕರಿನಲ್ಲಿ ತೂಗುಹಾಕಿರುವುದು ಅಮೆರಿಕನ್ನರ ಕ್ಯಾಲೆಂಡರು. ಯುದ್ಧ ಅವರದು, ಸಂಬಳ ಅವರದು, ತಾರೀಖೂ ಅವರದೇ ಇರಲಿ.

ಬೆಳಿಗ್ಗೆ ವೈರ್‌ಲೆಸ್‌ಗೆ ಹೊಸ ಬ್ಯಾಟರಿ ಹಾಕಿದೆ. ಆಂಟೆನಾ ಒರೆಸಿದೆ. ದಟ್ಟ ಮಂಜು. ಎದುರಿನ ಗುಡ್ಡ ಮಧ್ಯಾಹ್ನದವರೆಗೂ ಕಾಣಲಿಲ್ಲ — ಕಾಣದಿದ್ದರೇ ನೆಮ್ಮದಿ. ಅವರು ನಮಗೆ ಕಂಡರೆ ನಾವೂ ಅವರಿಗೆ ಕಾಣುತ್ತೇವೆ, ಶೆಲ್ ಶುರುವಾಗುತ್ತದೆ. ಊಟಕ್ಕೆ ಡಬ್ಬಿ ಮಾಂಸ, ಉದುರು ಅನ್ನ. ಅಂಟಕ್ಕಿ ಅನ್ನ ಉಂಡೆ ಕಟ್ಟಿ ತಿಂದು ಬೆಳೆದ ಥಾಯ್ಲೆಂಡಿನ ಈಸಾನ್ ಸೀಮೆಯ ಹೊಟ್ಟೆ ಇದು. ಎಷ್ಟು ತಿಂದರೂ ತಿಂದಂತಾಗುವುದಿಲ್ಲ.

ಸಂಜೆ ಲೌಡ್‌ಸ್ಪೀಕರು. ದಿನಾ ಅದೇ ಹೆಂಗಸು. "ಥಾಯ್ ಅಣ್ಣತಮ್ಮಂದಿರಾ, ಅಮೆರಿಕದವ್ರಿಗೋಸ್ಕರ ನಮ್ ಲಾವೋಸಿಗೆ ಬಂದು ಯಾಕ್ ಸಾಯ್ತೀರಾ? ಬಂದೂಕ ಇಟ್ಟು ಇಳಿದು ಬನ್ನಿ." ಶತ್ರು ನಿಜ, ಮಾತು ಮಾತ್ರ ನಮ್ಮೂರಿನದೇ. ಬ್ಯಾಂಕಾಕಿನ ಆಫೀಸರು ಹೇಳಿದ್ದಕ್ಕಿಂತ ಈ ಕಮ್ಯುನಿಸ್ಟ್ ಹೆಂಗಸು ಹೇಳಿದ್ದೇ ನಮಗೆ ಬೇಗ ತಿಳಿಯುತ್ತದೆ. ನಾವೆಲ್ಲ ಅವಳಿಗೆ ಇಟ್ಟ ಹೆಸರು ಅತ್ತಿಗೆ.

ಕೆಳಗಿನ ಬಂಕರಿನಿಂದ ದಿರೆಕ್ ಅಣ್ಣ ಎಂದಿನಂತೆ ಕೂಗಿದ: "ಅತ್ತಿಗೇ! ಬರೋದೇನೋ ಬರ್ತೀವಿ. ಮನೇಲಿ ಹುದುಗಿಸಿದ ಮೀನಿದೆಯಾ?" ಕೂಗಿ ಕೆಮ್ಮಿದ. ಎಲೆ ಸುರುಳಿ ಸೇದಿ ಸೇದಿ ಹಿಡಿದ ಕೆಮ್ಮು — ಎರಡು ಗಿಡ್ಡ, ಒಂದು ಉದ್ದ. ಇಡೀ ಗುಡ್ಡಕ್ಕೆ ಪರಿಚಿತ. ಸ್ಪೀಕರಿನಲ್ಲಿ ಯಾರೋ ನಗು ತಡೆದುಕೊಂಡ ಸದ್ದು.

ಜನವರಿ 13

ನೀರು ತರಲು ಹೋದ ವಿರೋಟ್ ಸತ್ತ. ತೊರೆಯ ದಾರಿಯಲ್ಲಿ ಹೂತಿಟ್ಟ ಮೈನು.

ಹೆಲಿಕಾಪ್ಟರು ಬಂತು. ಹೆಣ ಏರಿಸಲು ದಿರೆಕ್ ಅಣ್ಣ ಬಿಡಲಿಲ್ಲ. "ಇವನ ನಿಜವಾದ ಹೆಸರು ಯಾರಿಗ್ ಗೊತ್ತು?" ಅಂತ ಬಂಕರಿನಿಂದ ಬಂಕರಿಗೆ ಓಡಿದ. ಲೆಫ್ಟಿನೆಂಟ್ ಬೈದರು. ಸಾದಾ ಷರಟಿನ ಅಮೆರಿಕನ್ನ ಹೆಲಿಕಾಪ್ಟರಿನ ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸುತ್ತಿದ್ದ. ಕೊನೆಗೆ ಪ್ರಯೂನ್ ಬಾಯಿಬಿಟ್ಟ. ಅವನೂ ವಿರೋಟನೂ ಒಂದೇ ಜಿಲ್ಲೆಯವರು. "ಲುವಾನ್ ಅಂತ."

ಹೆಸರು ಗುಟ್ಟಾಗಿಡಬೇಕೆಂಬುದು ರೂಲು. ನಮ್ಮ ದೇಶದ ಉಡೋನ್ ಪಟ್ಟಣದ ಭರ್ತಿ ಆಫೀಸಿನಲ್ಲಿ ಸಹಿ ಹಾಕಿದ ದಿನವೇ ಗುರುತಿನ ಚೀಟಿ ಇಸಿದುಕೊಂಡು ಬೇರೆ ಹೆಸರು ಕೊಟ್ಟರು. ಲಾವೋಸಿನಲ್ಲಿ ಥಾಯ್ ಸಿಪಾಯಿಗಳೇ ಇಲ್ಲವೆಂದು ಲೋಕಕ್ಕೆ ಹೇಳಿಯಾಗಿದೆಯಲ್ಲ, ಇಲ್ಲದವರಿಗೆ ನಿಜವಾದ ಹೆಸರು ಯಾಕೆ? ನಾನು ಇಲ್ಲಿ ಮಾನೋಪ್. ಅಮ್ಮ ಇಟ್ಟ ಹೆಸರಿನ ತೊಂಗ್‌ಯೂನ್ ಊರಲ್ಲೇ ಉಳಿದ.

ದಿರೆಕ್ ಅಣ್ಣ ಹೆಣದ ಕಿವಿಯ ಹತ್ತಿರ ಬಗ್ಗಿದ. "ಲುವಾನ್, ಏಳಪ್ಪಾ, ಮನೆಗೆ ಹೋಗೋಣ. ಇದು ಹೆಲಿಕಾಪ್ಟರು, ಗಲಾಟೆ ಜಾಸ್ತಿ, ಹೆದರ್ಕೋಬೇಡ. ಮುಂದೆ ಮೇಕಾಂಗ್ ನದಿ ಬರುತ್ತೆ, ಅದರಾಚೆ ನಮ್ಮ ದೇಶ. ಲುವಾನ್ ಅಂತ ಕರೆದಾಗ ದಾಟು. ಹಿಂದೆ ಉಳೀಬೇಡ." ಜೊತೆಗೆ ಹೋಗುವವನಿಗೂ ಹೇಳಿಕೊಟ್ಟ — ನದಿ ಬಂದಾಗ ಹೆಸರು ಹಿಡಿದು ಕೂಗು, ಇಲ್ಲದಿದ್ದರೆ ಜೀವ ನೀರು ದಾಟುವುದಿಲ್ಲ, ಈ ದಡದಲ್ಲೇ ಅಲೆಯುತ್ತದೆ. ಇದು ನಮಗೆಲ್ಲ ಗೊತ್ತಿರುವುದೇ. ನಮ್ಮಪ್ಪನನ್ನು ಆಸ್ಪತ್ರೆಯಿಂದ ತಂದಾಗ ಪ್ರತಿ ಸೇತುವೆಯಲ್ಲೂ ಅಮ್ಮ ಹಾಗೆಯೇ ಕೂಗಿದ್ದಳು.

ಜನವರಿ 14

ದಿರೆಕ್ ಅಣ್ಣನ ಜೊತೆ ಮಾತಾಯಿತು. ಯಾರು ಉಳಿಯುತ್ತಾರೋ ಅವರು ಇನ್ನೊಬ್ಬರ ಜೀವವನ್ನು ಹೆಸರು ಹಿಡಿದು ಕರೆದುಕೊಂಡು ಹೋಗುವುದು. ನಾನು ನನ್ನ ಹೆಸರು, ಊರು ಹೇಳಿದೆ. ಅವನು ತನ್ನದು ಹೇಳಲು ಒಪ್ಪಲಿಲ್ಲ.

"ಈ ಗುಡ್ಡದ ದೆವ್ವ ನೋಡಿದೀಯಲ್ಲ, ಎಷ್ಟು ಜನ ಸತ್ತಿದ್ದಾರಿಲ್ಲಿ. ಹೆಸರು ಕೇಳಿಸ್ಕೊಂಡ್ರೆ ಇಲ್ಲೇ ಕಟ್ಟಾಕ್ಕೋತವೆ. ಕೆಳಗಿಳಿಯೋ ದಿನ ಹೇಳ್ತೀನಿ ತಮ್ಮಾ."

"ಆವತ್ತು ಹೇಳಿ ಏನ್ ಪ್ರಯೋಜನ? ಆವತ್ತು ಬದುಕಿರ್ತೀಯಲ್ಲ."

"ಅದೇ ಒಳ್ಳೇದಲ್ವೇನೋ ಮಂಕೇ!"

ನಕ್ಕ. ಆಮೇಲೆ ತಾನಾಗಿ ಒಂದು ವಿಷಯ ಹೇಳಿದ. ಅವನ ಸೋದರಮಾವ ಮರ ಕಡಿಯಲು ಕಾಡಿಗೆ ಹೋದವನು ಎರಡು ವರ್ಷ ಬರಲಿಲ್ಲ. ಸತ್ತನೆಂದು ನದಿಯ ಬಳಿ ನಿಂತು ಜೀವ ಕರೆದರು. ಮುಂದಿನ ತಿಂಗಳೇ ಮಾವ ನಡೆದು ಬಂದ. ಆದರೆ ಹೆಂಡತಿಯ ಗುರುತಿಲ್ಲ, ಹಸಿವಿಲ್ಲ, ಮಾತಿಲ್ಲ. ಒಂದು ಬೇಸಿಗೆ ಕಳೆಯುವ ಮೊದಲೇ ಸತ್ತ. "ಬದುಕಿರೋನ ಜೀವ ಕರೆದ್ರೆ ಅದೂ ಬಂದೇ ಬಿಡುತ್ತೆ, ಮೈ ಬಿಟ್ಟು. ಸತ್ತಿದ್ದಾನೆ ಅಂತ ಖಾತ್ರಿ ಇಲ್ದೆ ಯಾರನ್ನೂ ಕರೀಬೇಡ."

ಈ ಮನುಷ್ಯ ಊರಲ್ಲಿ ಮೀನಿನ ಬುಟ್ಟಿ ಹೆಣೆಯುತ್ತಾನಂತೆ. ಊರು ಯಾವುದೋ.

ಜನವರಿ 19

ನಸುಕಿನಲ್ಲೇ ಬಂದರು. ಕೆಳಗಿನ ಬಂಕರು ಹೋಯಿತು.

ವೈರ್‌ಲೆಸ್‌ನಲ್ಲಿ ದಿರೆಕ್ ಅಣ್ಣ: "ತಂತಿ ಬೇಲಿ ದಾಟಿದ್ರು ತಮ್ಮಾ." ಮೇಲೆ ಬಾ ಅಂತ ಕಿರುಚಿದೆ. "ಕಾಲಿಗೆ ಗುಂಡು ಬಿದ್ದಿದೆ. ಆಗಲ್ಲ." ಆಗ ಕೇಳಿದೆ, "ಅಣ್ಣ, ಹೆಸರು ಹೇಳು! ಈಗಲಾದ್ರೂ ಹೇಳು!"

"ವೈರ್‌ಲೆಸ್ಸಲ್ಲಾ? ತಲೆ ಕೆಟ್ಟಿದೆಯಾ? ಅತ್ತಿಗೆ ಕಡೆಯೋರೆಲ್ಲ ಕೇಳಿಸ್ಕೋತಿದ್ದಾರೆ." ಕೆಮ್ಮಿದ. ಆಮೇಲೆ ಬರೀ ಗೊರಗೊರ.

ಬ್ಯಾಟರಿ ಬದಲಿಸಿದೆ. ಮತ್ತೆ ಬದಲಿಸಿದೆ. ಕೆಟ್ಟಿದ್ದು ಬ್ಯಾಟರಿಯಲ್ಲ ಅಂತ ಗೊತ್ತಿತ್ತು.

ಜನವರಿ 21, ಸಂಜೆ

ಬರೆದಿಡಬೇಕು.

ಅತ್ತಿಗೆ ಮಾತಾಡಿದಳು. "ಮೀನು ಕೇಳ್ತಿದ್ನಲ್ಲ, ನೀವು ದಿರೆಕ್ ಅಂತ ಕರೀತಿದ್ರಲ್ಲ — ನಮ್ಮ ಹತ್ರ ಇದ್ದಾನೆ. ಕಾಲಿಗೆ ಕಟ್ಟು ಹಾಕಿದೀವಿ. ಅಂಟನ್ನ ತಿಂದ, ಮೀನೂ ತಿಂದ. ನೋನ್‌ಸಾಂಗ್ ಊರಿನ ಬುನ್‌ಹೊಮ್ ಅಂತ ಅವನ ಹೆಸರು. ನಾಳೆ ಸಂಜೆ ಅವನೇ ನಿಮ್ಮ ಹತ್ರ ಮಾತಾಡ್ತಾನೆ."

ಬುನ್‌ಹೊಮ್. ನನಗೆ ಹೇಳದ ಹೆಸರನ್ನು ಅವರಿಗೆ ಹೇಳಿದ್ದಾನೆ. ಸಿಟ್ಟು ಬಂತು, ನಗು ಬಂತು, ಅಳುವೂ ಬಂತು. ಬದುಕಿದ್ದಾನೆ! ಮೀನು ತಿಂದನಂತೆ!

ಪ್ರಯೂನ್ ಮಾತ್ರ ತಣ್ಣೀರೆರಚಿದ. "ಸತ್ತೋನ ಹೆಸರು ಹೇಳಿ ಬಲೆ ಬೀಸ್ತಿದ್ದಾರೆ ಕಣೋ. ಸಾಯೋ ಮುಂಚೆ ಒಂದ್ ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕು?"

ಲೆಫ್ಟಿನೆಂಟ್ ನಕಾಶೆ ಹರಡಿ ಕೂತಿದ್ದರು. ಸಂಜೆಯೆಲ್ಲ ಎರಡು ಬಂಕರಿನಿಂದ ದಿಕ್ಸೂಚಿ ಹಿಡಿದು ದನಿ ಬರುವ ಜಾಗ ಗುರುತು ಹಾಕಿಸಿದ್ದಾರೆ. ಎರಡು ಗೆರೆ ಒಂದು ಕಡೆ ಸೇರುತ್ತವೆ. "ನಾಳೆ ಅವರ ದೊಡ್ಡೋರೆಲ್ಲ ಅಲ್ಲೇ ಸೇರ್ತಾರೆ. ಅಮೆರಿಕದೋರ ಬಾಂಬ್ ಪ್ಲೇನು ಕೇಳು, ಮಾನೋಪ್. ಆ ಜಾಗದ ಈ ನಂಬರು ಕೊಡು."

"ಸಾರ್, ದಿರೆಕ್ ಅಲ್ಲೇ ಇರ್ತಾನೆ ಸಾರ್."

"ಯಾವ ದಿರೆಕ್? ಆ ಹೆಸರಿನೋನು ಈ ದೇಶದಲ್ಲೇ ಇಲ್ಲ. ನಿಂಗೆ ಸಹಿ ಹಾಕಿಸ್ಕೊಂಡಾಗ ಹೇಳಿರಲಿಲ್ವಾ?"

ನಾನು ಕೊಡುವುದಿಲ್ಲ ಅಂದೆ. ಅವರು ಬೈಯಲಿಲ್ಲ. ಸುಸ್ತಾದವರಂತೆ ಹಣೆ ಒತ್ತಿಕೊಂಡರು. "ಹಾಗಾದ್ರೆ ನಾನೇ ಕೊಡ್ತೀನಿ. ನನ್ನ ಇಂಗ್ಲಿಷು ನಿಂಗೆ ಗೊತ್ತಲ್ಲ. ಒಂದು ಅಂಕಿ ಆಚೀಚೆ ಆದ್ರೆ ಬಾಂಬು ನಮ್ಮ ತಲೆ ಮೇಲೆ. ಈ ಗುಡ್ಡದ ಮೇಲಿರೋರೆಲ್ಲ ಹೋಗ್ತಾರೆ."

ಅವರ ಇಂಗ್ಲಿಷು ನನಗೆ ಗೊತ್ತು.

ಜನವರಿ 22

ನಂಬರು ಕೊಟ್ಟೆ. ಮಧ್ಯಾಹ್ನವೇ. ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದೆ. ಒಂದೂ ತಪ್ಪಲಿಲ್ಲ.

ಕತ್ತಲಾಗುವ ಮೊದಲು ಸ್ಪೀಕರು ಗೊರಗುಟ್ಟಿತು. ಅತ್ತಿಗೆ: "ತಗೊಳ್ಳಿ, ಮಾತಾಡಿ, ನಿಮ್ಮೋರು ಕಾಯ್ತಿದ್ದಾರೆ." ಉಸಿರಿನ ಸದ್ದು. ಆಮೇಲೆ ಕೆಮ್ಮು. ಒಂದು ಗಿಡ್ಡ. ಇನ್ನೊಂದು ಗಿಡ್ಡ.

ಉದ್ದದ್ದು ಬರಲಿಲ್ಲ. ಅಷ್ಟರಲ್ಲಿ ಪ್ಲೇನು ಬಂತು.

ಎರಡು ಗಿಡ್ಡ ಕೆಮ್ಮು ಯಾರು ಬೇಕಾದರೂ ಕೆಮ್ಮುತ್ತಾರೆ. ಚಳಿ. ಹೊಗೆ. ಅವರಲ್ಲೂ ಎಷ್ಟೋ ಜನ ಸೇದುವವರು. ಅವನನ್ನು ದೂರದ ಗುಹೆಯಲ್ಲಿ ಇಟ್ಟಿರಬಹುದು, ಬೇರೆ ಯಾರನ್ನೋ ಕೂರಿಸಿರಬಹುದು…

ವೈರ್‌ಲೆಸ್‌ನಲ್ಲಿ ಅಮೆರಿಕನ್ನ: "ಗುಡ್ ಜಾಬ್, ಮಾನೋಪ್." ಶಹಭಾಸ್‌ಗಿರಿ ಮಾನೋಪನಿಗೆ. ನಂಬರು ಹೇಳಿದ್ದು ನಾನು.

ಜನವರಿ 29

ಸ್ಪೀಕರು ಇಲ್ಲ. ಸಂಜೆಯಾದರೆ ಎಲ್ಲರೂ ಸುಮ್ಮನೆ ಆ ಕಡೆ ತಿರುಗಿ ಕೂರುತ್ತಾರೆ. ಪ್ರಯೂನ್ ಕೂಡ. "ಅತ್ತಿಗೆ ಇಲ್ದೆ ಹೊತ್ತೇ ಹೋಗಲ್ಲ," ಅಂದ.

ಫೆಬ್ರವರಿ 6

ಗುಡ್ಡ ಬಿಟ್ಟೆವು. ಇಷ್ಟು ಜನ ಸತ್ತ ಮೇಲೆ ಈ ಗುಡ್ಡ ಮುಖ್ಯವಲ್ಲವೆಂದು ಯಾರಿಗೋ ಎಲ್ಲೋ ಹೊಳೆಯಿತು. ಅವರ ಕೈಗೆ ಸಿಗಬಾರದೆಂದು ನಮ್ಮ ಫಿರಂಗಿಗಳನ್ನು ನಾವೇ ಸಿಡಿಸಿ ಹಾಳುಮಾಡಿದೆವು. ಹೆಲಿಕಾಪ್ಟರಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಇಳಿಯುವ ದಿನ ಹೆಸರು ಹೇಳುತ್ತೇನೆ ಅಂದಿದ್ದ. ಹೆಸರೇನೋ ಈಗ ನನ್ನ ಹತ್ತಿರ ಇದೆ.

ನದಿ ಕಾಣುತ್ತಿದೆ. ಅಗಲವಾಗಿ, ಕೆಸರು ಬಣ್ಣ. ಮರಳು ದಿಬ್ಬ, ದೋಣಿಗಳು. ಸತ್ತಿದ್ದರೆ ಈಗಲೇ ಕರೆಯಬೇಕು, ಮತ್ತೆ ಈ ಕಡೆಗೆ ಬರುತ್ತೇನೋ ಇಲ್ಲವೋ ಯಾರಿಗೆ ಗೊತ್ತು. ಬದುಕಿದ್ದರೆ, ಕರೆದ ಗಳಿಗೆಯಲ್ಲಿ ಕೊಂದಂತೆ. ಒಂದು ಸಲ ಸಾಲದು ಅಂತ ಇನ್ನೊಂದು ಸಲ.

ಹೆಲಿಕಾಪ್ಟರು ನದಿ ದಾಟಿತು. ಬಾಯಿ ತೆರೆದೇ ಇದ್ದೆ. ಕರೆಯಲಿಲ್ಲ.

ಫೆಬ್ರವರಿ 8, ಉಡೋನ್

ಆಫೀಸು. ಚೀಟಿ ವಾಪಸ್ಸು ಕೊಟ್ಟರು. ಮತ್ತೆ ತೊಂಗ್‌ಯೂನ್ ಆದೆ. ದಿರೆಕ್ ವಿಷಯ ಕೇಳಿದೆ. ಗುಮಾಸ್ತ ಫೈಲು ನೋಡಿ, "ಓಡಿಹೋದವನು ಅಂತ ಬರೆದಿದೆ," ಅಂದ. ಅವನು ಓಡಲಿಲ್ಲ, ಕಾಲಿಗೆ ಗುಂಡು ಬಿದ್ದಿತ್ತು ಅಂದೆ. "ನೀವು ಕಣ್ಣಾರೆ ನೋಡಿದ್ರಾ?" ನಾನು ನೋಡಿರಲಿಲ್ಲ. ಕೇಳಿಸಿಕೊಂಡಿದ್ದೆ ಅಷ್ಟೇ. ಕೇಳಿಸಿಕೊಂಡದ್ದಕ್ಕೆ ಆ ಫೈಲಿನಲ್ಲಿ ಜಾಗವಿಲ್ಲವಂತೆ.

ಮಾರ್ಚ್ 3, ನೋನ್‌ಸಾಂಗ್

ಬಸ್ಸು, ಆಮೇಲೆ ಎತ್ತಿನ ಗಾಡಿ, ಆಮೇಲೆ ಒಣಗಿದ ಗದ್ದೆಯ ಬದು. ಇಷ್ಟು ದಿನ ಬಾರದೆ ಇದ್ದದ್ದಕ್ಕೆ ಕಾರಣ ಹೇಳಿಕೊಳ್ಳುವುದಿಲ್ಲ. ಹೆದರಿಕೆ.

ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಅರ್ಧ ಹೆಣೆದ ಮೀನಿನ ಬುಟ್ಟಿಗಳು ಇನ್ನೂ ಬಿದ್ದಿವೆ. ಅವನ ತಾಯಿ ಅವುಗಳ ಪಕ್ಕದಲ್ಲೇ ಚಾಪೆ ಹಾಸಿದಳು. ನಾನು ಯಾರೆಂದು ಹೇಳಿದೆ. ನಿಜವಾದ ಹೆಸರೇ ಹೇಳಿದೆ. ಅವಳು ಮೊದಲು ಕೇಳಿದ್ದು:

"ಅವನ ಕೆಮ್ಮು ಹೇಗಿದೆ ಮಗಾ? ಚಳಿ ಜಾಗ ಅಂತಾರೆ."

ನಾನು ನೀರು ಕೇಳಿದೆ.

ಜೀವ ಕರೆಯುವ ಶಾಸ್ತ್ರಕ್ಕೆ ಊರಿನ ಹಿರಿಯನನ್ನು ಕರೆಸಿದ್ದಾರೆ. ಬಾಳೆಲೆಯ ತಟ್ಟೆ ಕಟ್ಟಿದ್ದಾರೆ — ಬೇಯಿಸಿದ ಮೊಟ್ಟೆ, ಹೂ, ಬಿಳಿ ದಾರ, ಅಂಟನ್ನ. ಎರಡು ಮೈಲಿ ಆಚೆ ನದಿ. ಅವನ ಹೆಂಡತಿ ಕಂಬ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಮಾತಾಡಿದ್ದೆಲ್ಲ ತಾಯಿಯೇ.

"ಓಡಿಹೋದ ಅಂತ ಆಫೀಸ್ನೋರು ಅಂದ್ರು. ಓಡಿದ್ರೆ ಮನೆಗೇ ಬರ್ತಿದ್ದ, ಇನ್ನೆಲ್ಲಿಗೆ ಓಡ್ತಾನೆ? ನೀನು ಜೊತೇಲಿದ್ದೋನು. ಬದುಕಿದ್ದಾನೆ ಅಂತೀಯಾ, ಕಾಯ್ತೀನಿ. ಸತ್ತ ಅಂತೀಯಾ, ಇವತ್ತೇ ನದೀಗೆ ಹೋಗಿ ಕರ್ಕೊಂಡ್ ಬರ್ತೀನಿ. ಎರಡೂ ನನ್ನ ಕೈಲಾಗುತ್ತೆ. ಯಾವುದು ಅಂತ ಗೊತ್ತಿಲ್ದೆ ಇರೋದು ಆಗಲ್ಲ. ಕೊನೇಗೆ ಏನ್ ಕೇಳಿಸ್ತು ನಿಂಗೆ? ಅಷ್ಟು ಹೇಳು."

ಹಿರಿಯ ತಲೆಯಾಡಿಸಿದ: ಈ ಹುಡುಗ ಹೇಳಿದಂತೆ ಮಾಡೋಣ.

ಕೈ ತೊಳೆದು ಬರುತ್ತೇನೆಂದು ಹಿತ್ತಲಿಗೆ ಬಂದೆ. ನೀರಿನ ಹಂಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದ್ದಾನೆ ಅಂದರೆ ಆ ಮುದುಕಿ ಸಾಯುವ ತನಕ ಬಾಗಿಲಲ್ಲಿ ಕೂರುತ್ತಾಳೆ. ಇಲ್ಲ ಅಂದರೆ… ಎಲ್ಲೋ ಗುಹೆಯಲ್ಲಿ ಕಾಲು ಚಾಚಿ ಕೂತವನು ಅನ್ನದ ಉಂಡೆ ಕೈಯಲ್ಲೇ ಬಿಟ್ಟು… ಯೋಚಿಸಲಾರೆ.

"ತೊಂಗ್‌ಯೂನ್, ಬಾರೋ ಮಗಾ, ಅನ್ನ ಆರ್ತಾ ಇದೆ."

ಕರೆಯುತ್ತಿದ್ದಾಳೆ. ನನ್ನ ಹೆಸರು ಹಿಡಿದೇ ಕರೆಯುತ್ತಿದ್ದಾಳೆ. ಹೋಗಲೇಬೇಕು. ಯಾವುದೆಂದು ನನಗೂ ಗೊತ್ತಿಲ್ಲ, ಕೇಳಿಸಿದ್ದು ಮಾತ್ರ ಗೊತ್ತು. ಮೊದಲು ಕೆಮ್ಮಿನ ವಿಷಯ ಹೇಳುತ್ತೇನೆ — ಎರಡು ಗಿಡ್ಡ. ಆಮೇಲೆ ಪ್ಲೇನು. ಆಮೇಲೆ ಪ್ಲೇನಿಗೆ ನಂಬರು ಕೊಟ್ಟವನು —