ಖಾರ ಬಿಟ್ಟ ನಾಲಿಗೆ

3-3-2003, ಸೋಮವಾರ, ಬೆಳಿಗ್ಗೆ

ನೆನೆಹಾಕಿದ ರಾಗಿ ಬಸಿದು ಪಂಚೆಯ ತುಂಡಿನಲ್ಲಿ ಕಟ್ಟಿದೆ. ಮೇಲೆ ಗುಂಡುಕಲ್ಲು ಹೇರಿದೆ. ನಾಳೆಗೆ ಮೊಳಕೆ. ಸೊಸೆ ಮಂಜಮ್ಮ ಕೂಸಿಗೆ ಹಾಲು ಕೊಟ್ಟು ಟೈಲರಿಂಗ್ ಅಂಗಡಿಗೆ ಹೋದಳು. ಮಗ ಕಾಂತೇಶ ಲಾರಿ ಮೇಲೆ. ಎಲ್ಲಿದ್ದಾನೋ, ಅವನಿಗೇ ಗೊತ್ತು.

ಕೂಸಿಗೆ ಏಳು ತಿಂಗಳು. ಡಬ್ಬಿ ಪೌಡರ್ ಕಲಸಿ ಕೊಟ್ಟರೆ ಮುಖಕ್ಕೇ ಉಗುಳುತ್ತದೆ. ನನಗೇನೂ ಬೇಜಾರಿಲ್ಲ. ಆದರೆ ತೂಕ ಏರಿಲ್ಲ ಎಂದು ನರ್ಸಮ್ಮ ಅಂದಿದ್ದೇ ತಡ, ಮಂಜಮ್ಮನ ತಾಯಿ ಮರುಳಸಿದ್ದಮ್ಮ ಹೊಳಲಿನಿಂದ ಬಂದು ಕೂತಳು.

"ಗಂಡಸಿನ ಕೈಯಾಗ ಕೂಸು ಬೆಳೀತಾವೇನ್ರಿ ಬೀಗ್ರ? ತಾಯಿ ಮಗಳ್ನ ನಾನು ಕರ್ಕೊಂಡು ಹೋಗ್ತೀನಿ."

"ಕಾಂತೇಶಗ ನಮ್ಮಾಕಿ ರಾಗಿ ಸರಿ ಮಾಡಿ ತಿನ್ಸಿದ್ದು ಕಣ್ಣಾರೆ ಕಂಡೀನಿ. ನಾನೂ ಮಾಡ್ತೀನಿ. ಉಗಾದಿತನಕ ತಡೀರಿ. ಕೂಸು ತಿನ್ಲಿಲ್ಲಂದ್ರ ಒಯ್ರಿ" ಅಂದೆ.

ಒಪ್ಪಿ ಹೋಗಿದ್ದಾಳೆ. ಹೆಂಡತಿ ಎರ್ರೆಮ್ಮ ಸತ್ತ ಮೇಲೆ ಈ ಮನೆಯಲ್ಲಿ ನಾನು ಬೈದರೆ ತಿರುಗಿ ಕೂಗುವ ಜೀವ ಇದೊಂದೇ. ಕೊಡುವುದಿಲ್ಲ.

5-3, ಬುಧವಾರ

ಮೊಳಕೆ ಸಣ್ಣಗೆ, ಬೆಳ್ಳಗೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವ ತನಕ ಹುರಿದೆ. ಪಕ್ಕದ ಮನೆಯ ಜಂಬಕ್ಕ ಗೋಡೆ ಮೇಲಿಂದ ಇಣುಕಿದಳು.

"ಏನ್ ಪಾಲಾಕ್ಷಣ್ಣ, ಬಾಣಂತನ ಮಾಡಾಕ ಹತ್ತೀಯೇನು?"

"ನಿಂದೂ ಮಾಡ್ತೀನಿ. ಮೊದ್ಲು ಹಡಿ."

ಅರವತ್ತು ದಾಟಿದವಳು, ನಗುತ್ತಾ ಒಳಗೆ ಹೋದಳು.

ಮಂಜಮ್ಮನ ಮಧ್ಯಾಹ್ನದ ಊಟ ಬೇಕರಿ ಬನ್ನು, ಚಾ. ಹಾಲು ಕುಡಿಸುವವಳಿಗೆ ಅದೊಂದು ಊಟವೇ? ಹೇಗೂ ಒಲೆ ಕಾದಿತ್ತು — ಶೇಂಗಾ, ಎಳ್ಳು ಹುರಿದು ಬೆಲ್ಲ ಹಾಕಿ ಕುಟ್ಟಿ ಉಂಡೆ ಕಟ್ಟಿದೆ. ಅರ್ಧ ಒಡೆದವು. ಚೆನ್ನಾಗಿದೆ ಅನ್ನಲಿಲ್ಲ. ಬ್ಯಾಗಿಗೆ ಎರಡು ಹಾಕಿಕೊಂಡಳು. ಸಾಕು.

6-3, ಗುರುವಾರ

ಉಸ್ಮಾನ್ ಸಾಬನ ಗಿರಣಿ. ಮೆಣಸಿನಕಾಯಿ ಸೀಜನ್. ಬೀದಿಯಲ್ಲೇ ಸೀನು ಶುರು.

"ಪಾಲಾಕ್ಷಣ್ಣ, ಈಗಷ್ಟೇ ಖಾರ ಬೀಸೀನಿ. ಕೂಸಿಂದು ಅಂತಿ. ನಾಳೆ ಬೆಳಿಗ್ಗಿ ಬಾ. ಇಲ್ಲಾಂದ್ರ ಒಂದು ಸೇರು ಜೋಳ ತಾ, ಮೊದ್ಲು ಅದನ್ನ ಬಿಟ್ರ ಕಲ್ಲು ತೊಳೀತೈತಿ."

"ನಿನ್ನ ಕೋಳಿಗೆ ನನ್ನ ಜೋಳ ಬೇಕೇನಲೇ?"

ಹೆಂಗಸರು ನಕ್ಕರು. ಸಾಬ ನಗಲಿಲ್ಲ. "ನಿನ್ನ ಬಾಯಿಗೆ ನನ್ನ ಬೆಲ್ಟ್ ಹಾಕಿದ್ರ ಕರೆಂಟೇ ಬ್ಯಾಡ" ಅಂದ. ಮತ್ತೂ ನಕ್ಕರು. ಸಿಟ್ಟು ಬಂತು. ನಾನೇ ರಾಗಿ ಡಬ್ಬಿ ಎತ್ತಿ ಗಿರಣಿಗೆ ಸುರಿದೆ. ಮೊದಲು ಬಂದ ಒಂದು ಹಿಡಿ ಹಿಟ್ಟು ಚೆಲ್ಲಿದೆ. ಇನ್ನೆಷ್ಟು ಚೆಲ್ಲಬೇಕು? ಹಿಟ್ಟು ಮೂಸಿ ನೋಡಿದೆ. ಮೂಗು ಸೀನಿ ಸೀನಿ ಕಟ್ಟಿತ್ತು, ಏನೂ ತಿಳಿಯಲಿಲ್ಲ.

7-3, ಶುಕ್ರವಾರ

ಮಾಡಬಾರದ್ದು ಮಾಡಿದೆ.

ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿ, ಗಂಟಿಲ್ಲದಂತೆ ತಿರುವಿ ಸರಿ ಕುದಿಸಿ, ಆರಿಸಿದೆ. ನಾನೇ ಮೊದಲು ಒಂದು ಚಮಚ ತಿಂದೆ. ಚೆನ್ನಾಗಿತ್ತು. ರೊಟ್ಟಿ ಜೊತೆ ಕೆಂಪು ಚಟ್ನಿ ತಿಂದ ಬಾಯಿ ಅದು. ಅದಕ್ಕೆ ಏನು ತಿಳಿದೀತು?

ಮೊದಲ ಚಮಚಕ್ಕೆ ಕೂಸು ಮುಖ ಕಿವುಚಿತು. ಹೊಸ ರುಚಿ, ಹಟ ಅಂದುಕೊಂಡೆ. ಗದರಿ ಇನ್ನೊಂದು ಚಮಚ ಇಟ್ಟೆ. ಉಸಿರು ಹಿಡಿದು ಅತ್ತಿತು — ಮುಖ ಕೆಂಪು, ತುಟಿ ಕೆಂಪು. ಜಂಬಕ್ಕ ಓಡಿ ಬಂದು ಬಟ್ಟಲಿಗೆ ಬೆರಳದ್ದಿ ನೆಕ್ಕಿದಳು.

"ಏ ಮುದುಕಾ! ಖಾರ ಐತಲ್ಲೋ ಇದು!"

ಅವಳೇ ಬೆಣ್ಣೆ ಸವರಿದಳು. ಅವಳೇ ಹೋಗಿ ಮಂಜಮ್ಮನನ್ನು ಕರೆತಂದಳು. ಹಾಲು ಕುಡಿದು ಬಿಕ್ಕುತ್ತಲೇ ಮಲಗಿತು. ಮಂಜಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಮುಗಿಯುತ್ತಿತ್ತು. ಎದ್ದು ಎಸ್‌ಟಿಡಿ ಬೂತಿಗೆ ಹೋಗಿ ತಾಯಿಗೆ ಫೋನ್ ಮಾಡಿದಳು.

9-3, ಭಾನುವಾರ

ಮರುಳಸಿದ್ದಮ್ಮ ಬಂದಳು. ಮಂಜಮ್ಮನನ್ನೂ ಕೂಸನ್ನೂ ಕರೆದುಕೊಂಡು ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಕೂಸು ನನ್ನ ಮುಖ ನೋಡಿ ತಾಯಿಯ ಹೆಗಲಿಗೆ ಮುಖ ಒತ್ತಿತು. ಬಿಸಿಲಿತ್ತು. ಬಿಸಿಲಿಗೇ ಇರಬೇಕು.

16-3

ಕಾಂತೇಶ ಬಂದ. ಉಂಡ, ಮಲಗಿದ, ಎದ್ದ. "ಏನಪ್ಪಾ ಹಿಂಗ ಮಾಡ್ದಿ" ಅಂದು ಲಾರಿ ಹತ್ತಿದ.

ಖಾರ ಬಿಟ್ಟಿದ್ದೇನೆ. ಮೆಣಸಿನಕಾಯಿ, ಚಟ್ನಿ, ಉಪ್ಪಿನಕಾಯಿ ಎಲ್ಲ. ಅನ್ನ, ಹಾಲು. ಜೋಳದ ರೊಟ್ಟಿ, ಮೊಸರು. ಈ ನಾಲಿಗೆಗೆ ಬುದ್ಧಿ ಬರುವ ತನಕ ಕೂಸಿನ ಊಟ ರುಚಿ ನೋಡುವ ಯೋಗ್ಯತೆ ಇಲ್ಲ. ಊಟ ಮಣ್ಣು ತಿಂದಂತೆ.

24-3, ಸೋಮವಾರ

ಉಸ್ಮಾನ್ ಸಾಬ ಮನೆಗೇ ಬಂದ. "ಕಲ್ಲು ಬಿಚ್ಚಿ ತೊಳ್ದು ಬೀಸ್ಕೊಡ್ತೀನಿ, ನಡಿ." ಬೇಡ ಅಂದೆ. ಅವನ ತಪ್ಪೇನಿಲ್ಲ ಅನ್ನಬೇಕಿತ್ತು. ಚಾ ಕೊಟ್ಟೆ, ಕುಡಿದ.

ಹೊಸದಾಗಿ ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಎರ್ರೆಮ್ಮನ ಬೀಸುಕಲ್ಲಿನಲ್ಲಿ ಬೀಸಿದೆ. ರಟ್ಟೆ ಬಿದ್ದುಹೋದವು. ಅವಳು ಬೀಸುತ್ತಾ ಹಾಡುತ್ತಿದ್ದಳು. ನನಗೆ ಉಸಿರೇ ಸಾಲದು. ಇವತ್ತು ಸರಿ ಕುದಿಸಿ ನಾಲಿಗೆಗೆ ಇಟ್ಟರೆ — ಅಯ್ಯೋ, ರಾಗಿ ಇಷ್ಟು ಸಿಹಿ ಎಂದು ಈ ವಯಸ್ಸಿಗೆ ತಿಳಿಯಿತು. ಹೇಳಲು ಯಾರೂ ಇರಲಿಲ್ಲ.

30-3, ಭಾನುವಾರ. ರಾತ್ರಿ ಮನೆಗೆ ಬಂದು

ಹೊಳಲಿಗೆ ಹೋಗಿದ್ದೆ. ಹಿಟ್ಟಿನ ಡಬ್ಬಿ, ಉಂಡೆ. ಮರುಳಸಿದ್ದಮ್ಮ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಪಲ್ಯ ಬದಿಗೆ ಸರಿಸಿದೆ.

"ಯಾಕ್ರಿ ಬೀಗ್ರ, ನಮ್ಮ ಮನಿ ಖಾರ ಸೇರಂಗಿಲ್ಲೇನು?"

ಖಾರ ಬಿಟ್ಟಿದ್ದು ಯಾಕೆಂದು ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಮೊಸರು ತಂದಿಟ್ಟಳು. ನಾನು ತಂದ ಹಿಟ್ಟಿನಲ್ಲಿ ಸರಿ ಕುದಿಸಿ ಬಟ್ಟಲು ನನ್ನ ಕೈಗೇ ಕೊಟ್ಟಳು — "ನೀವೇ ತಿನ್ಸ್ರಿ."

ಕೂಸು ಚಮಚ ನೋಡಿತು. ನನ್ನನ್ನು ನೋಡಿತು. ಬಾಯಿ ಬಿಗಿದು ಅಳತೊಡಗಿತು. ಗದರಲಿಲ್ಲ. ಬಟ್ಟಲು ಅಜ್ಜಿಗೆ ಕೊಟ್ಟು ಹೊರಗೆ ಕಟ್ಟೆಗೆ ಬಂದು ಕೂತೆ. ಒಳಗಿಂದ ಮಂಜಮ್ಮನ ದನಿ: "ಅಲಲಲಾ, ತಿಂತಾಳ ನೋಡವ್ವ! ಬಾಯಿ ತಗೀತಾಳ!"

ಪೂರ್ತಿ ತಿಂದಿತಂತೆ. ಹೊರಡುವಾಗ ಮರುಳಸಿದ್ದಮ್ಮ ಬಸ್ಸಿನ ತನಕ ಬಂದಳು. "ಸಿಟ್ಟಾಗಬ್ಯಾಡ್ರಿ ಬೀಗ್ರ. ಕೂಸು ನಡಿಯೋತನಕ ಇಲ್ಲೇ ಇರ್ಲಿ. ಮಂಜಿಗೂ ಇಲ್ಲೇ ಹೊಲಿಗಿ ಕೆಲ್ಸ ಸಿಕ್ಕೈತಿ."

ಹೂಂ ಅಂದೆ. ಜಗಳ ಆಡಲಿಲ್ಲ. ಆಡಲು ಏನಿತ್ತು?

2-4, ಉಗಾದಿ

ಜಂಬಕ್ಕ ಹೋಳಿಗೆ ಕೊಟ್ಟಳು. ತಿಂದೆ.

9-4, ಬುಧವಾರ

ಜಂಬಕ್ಕನ ಮನೆಗೆ ಫೋನ್. ಮಂಜಮ್ಮ.

"ಮಾವ, ಡಬ್ಬಿ ಖಾಲಿ ಆತು. ಕೂಸು ಬೇರೆ ಏನೂ ಮುಟ್ಟವಲ್ದು, ನಿಮ್ಮ ಹಿಟ್ಟೇ ಬೇಕು. ಬೀಸಿ ಬಸ್ಸಿನಾಗ ಕಂಡಕ್ಟರ್ ಕೈಲಿ ಕಳಿಸ್ರಿ."

ಕಂಡಕ್ಟರ್ ಕೈಲಿ.

"ಆತು" ಅಂದೆ. ಇನ್ನೇನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಅವಳ ಹಿಂದಿನಿಂದ ಕೂಸಿನ ಕೂಗು — ಅಳುವಲ್ಲ, ಯಾರನ್ನೋ ಬೈಯುವ ಹಾಗೆ, ಜೋರಾಗಿ, ನಿಲ್ಲಿಸದೆ. ರಿಸೀವರ್ ಕಿವಿಗೆ ಒತ್ತಿಕೊಂಡೆ. ನಾನೂ ಒಂದು ಸಲ ತಿರುಗಿ ಕೂಗಿದೆ.